‘ಅಡ್ವೈಸ್ಡ್ ಅಸ್ ಟು’ ಸರಿ, ‘ಸಜೆಸ್ಟೆಡ್ ಅಸ್ ಟು’ ಯಾಕೆ ತಪ್ಪು?

ಪ್ರಶ್ನೆ: ನಾನು ಅರಸೀಕೆರೆ ಹತ್ತಿರದ ಹಳ್ಳಿಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿರುವ ಒಂದು ಕಂಪನಿಯ ಕಸ್ಟಮರ್ ಸಪೋರ್ಟ್ ತಂಡದಲ್ಲಿ ಆರು ವರ್ಷದಿಂದ ಇದ್ದೇನೆ. ಮಾತಾಡುವುದಕ್ಕೆ ತೊಂದರೆ ಇಲ್ಲ. ಆದರೆ ಈ ವರ್ಷದಿಂದ ಮೀಟಿಂಗ್ ಮಿನಿಟ್ಸ್ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಯಾರು ಏನು ಹೇಳಿದರು ಅಂತಲೇ ಬರೆಯಬೇಕಲ್ಲ. ಹೋದ ವಾರ ‘ದ ಮ್ಯಾನೇಜರ್ ಸಜೆಸ್ಟೆಡ್ ಅಸ್ ಟು ಕಾಲ್ ದ ಕಸ್ಟಮರ್’ ಅಂತ ಬರೆದೆ. ಟೀಮ್ ಲೀಡ್ ಕೆಂಪು ಗೆರೆ ಎಳೆದು ವಾಪಸ್ ಕಳಿಸಿದರು. ‘ಅಡ್ವೈಸ್ಡ್ ಅಸ್ ಟು’ ಸರಿಯಂತೆ, ‘ಸಜೆಸ್ಟೆಡ್ ಅಸ್ ಟು’ ತಪ್ಪಂತೆ. ಯಾಕೆ ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ. ‘ಎಕ್ಸ್‌ಪ್ಲೇನ್ಡ್ ಮಿ’, ‘ಡಿಸ್ಕಸ್ಡ್ ಅಬೌಟ್’, ‘ಡಿನೈಡ್ ಟು ಪೇ’ ಇವಕ್ಕೂ ಹೀಗೇ ಗೆರೆ ಬಿದ್ದಿದೆ. ಶಾಲೆಯಲ್ಲಿ ಡೈರೆಕ್ಟ್-ಇನ್‌ಡೈರೆಕ್ಟ್ ಪ್ರಶ್ನೆಗೆ ಹತ್ತಕ್ಕೆ ಹತ್ತು ತೆಗೆಯುತ್ತಿದ್ದವಳು ನಾನು. ಈಗ ಎಲ್ಲವನ್ನೂ ಎಐ ಟೂಲ್‌ಗೆ ಹಾಕಿ ಸರಿ ಮಾಡಿಸಿಕೊಳ್ಳುತ್ತಿದ್ದೇನೆ. ‘ಇಂಗ್ಲಿಷಿನಲ್ಲೇ ಯೋಚನೆ ಮಾಡು’ ಅಂತ ಒಬ್ಬರು, ‘ಲಿಸ್ಟ್ ಬಾಯಿಪಾಠ ಮಾಡು’ ಅಂತ ಇನ್ನೊಬ್ಬರು. ಇದಕ್ಕೆಲ್ಲ ಒಂದು ನಿಯಮ ಅಂತ ಇಲ್ವಾ ಮೇಡಂ?

ಉತ್ತರ: ನಿಮ್ಮ ಟೀಮ್ ಲೀಡ್ ಗೆರೆ ಎಳೆದದ್ದು ಸರಿ. ಯಾಕೆ ಅಂತ ಗೊತ್ತಿಲ್ಲ ಅಂದರಲ್ಲ, ಅದು ಇನ್ನೂ ಒಳ್ಳೆಯದು. ಗೊತ್ತಿಲ್ಲದೆ ಯಾವುದೋ ಒಂದು ನಿಯಮ ಹುಟ್ಟಿಸಿ ಹೇಳಿದ್ದರೆ ಅದನ್ನು ಬಿಡಿಸಲು ನನಗೆ ಇನ್ನೆರಡು ಪ್ಯಾರಾ ಬೇಕಾಗುತ್ತಿತ್ತು.

ಜಯನಗರದಲ್ಲಿ ಇಪ್ಪತ್ತೆರಡು ವರ್ಷದಿಂದ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಬರುವವರು ಜಾಸ್ತಿ ನಿಮ್ಮಂಥವರೇ. ಕನ್ನಡ ಮಾಧ್ಯಮದಲ್ಲಿ ಓದಿ, ಕೆಲಸ ಹಿಡಿದು, ಮಾತು ರೂಢಿಯಾಗಿ, ಬರೆಯುವ ಕೆಲಸ ಬಂದಾಗ ತಡವರಿಸುವವರು. ಅವರ ಬರವಣಿಗೆಯಲ್ಲಿ ನಾನು ಜಾಸ್ತಿ ತಿದ್ದುವುದು ಕಾಲವನ್ನಲ್ಲ, ಸ್ಪೆಲ್ಲಿಂಗನ್ನೂ ಅಲ್ಲ, ಇದನ್ನೇ. ಹಾಗಾಗಿ ‘ನನಗೊಬ್ಬಳಿಗೆ ಮಾತ್ರ ಹೀಗೆ’ ಅನ್ನುವ ಭಾವನೆ ಇದ್ದರೆ ಮೊದಲು ಬಿಡಿ.

ಎಲ್ಲಕ್ಕೂ ಸೇರಿ ಒಂದು ನಿಯಮ ಇಲ್ಲ. ಆದರೆ ಒಂದು ಕಾರಣ ಇದೆ. ಅದು ಇಂಗ್ಲಿಷಿನಲ್ಲಿಲ್ಲ, ನಮ್ಮ ಕನ್ನಡದಲ್ಲಿದೆ.

ಬೇರೆಯವರ ಮಾತನ್ನು ದಾಟಿಸಲು ಕನ್ನಡಕ್ಕೆ ಒಂದೇ ಪದ ಸಾಕು: ‘ಅಂತ’. ಬರೆಯುವಾಗ ‘ಎಂದು’. ಫೋನ್ ಮಾಡಿ ಅಂತ ಹೇಳಿದರು. ಫೋನ್ ಮಾಡಿ ಅಂತ ಸಲಹೆ ಕೊಟ್ಟರು. ಫೋನ್ ಮಾಡಿ ಅಂತ ಗದರಿದರು. ಫೋನ್ ಮಾಡಿ ಅಂತ ಗೋಗರೆದರು. ಕೊನೆಯ ಪದ ಏನೇ ಬರಲಿ, ಹಿಂದಿನ ಭಾಗ ಒಂಚೂರೂ ಅಲುಗಾಡುವುದಿಲ್ಲ. ಕೇಳಿಸಿಕೊಂಡವರಿಗೆ ಒಂದು ‘ಗೆ’ ಹಚ್ಚಿದರೆ ಆಯಿತು: ನಮಗೆ ಹೇಳಿದರು, ನಮಗೆ ಸಲಹೆ ಕೊಟ್ಟರು, ನಮಗೆ ವಿವರಿಸಿದರು. ಇಷ್ಟು ಸಲೀಸಾದ ಏರ್ಪಾಡು ಇಂಗ್ಲಿಷಿನಲ್ಲಿ ಇಲ್ಲ. ಅಲ್ಲಿ ತನ್ನ ನಂತರ ಏನು ಬರಬೇಕು ಅನ್ನುವುದನ್ನು ಪ್ರತಿಯೊಂದು ಕ್ರಿಯಾಪದ ತಾನೇ ತೀರ್ಮಾನ ಮಾಡುತ್ತದೆ. ‘ಟೋಲ್ಡ್ ಅಸ್ ಟು ಕಾಲ್’, ‘ಸಜೆಸ್ಟೆಡ್ ಕಾಲಿಂಗ್’, ‘ಇನ್ಸಿಸ್ಟೆಡ್ ದಟ್ ವಿ ಕಾಲ್’. ನಮ್ಮ ಒಂದೇ ಒಂದು ‘ಫೋನ್ ಮಾಡಿ ಅಂತ’ ಅಲ್ಲಿ ಮೂರು ವೇಷ ಹಾಕಿತು ನೋಡಿ.

ಅದರ ಜೊತೆಗೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಕನ್ನಡದ ಒಂದು ಪದ ಇಂಗ್ಲಿಷಿಗೆ ಹೋದಾಗ ಎರಡಾಗಿ ಸೀಳುತ್ತದೆ. ಅರ್ಥ ಒಂದೇ ಅಂತ ನಾವು ಎರಡನ್ನೂ ಒಂದೇ ಥರ ಬಳಸಿಬಿಡುತ್ತೇವೆ. ನೀವು ಕಳಿಸಿದ ನಾಲ್ಕು ತಪ್ಪುಗಳಲ್ಲಿ ಎರಡು ಇಲ್ಲಿಂದಲೇ ಬಂದಿವೆ.

‘ಸಲಹೆ’ಯನ್ನೇ ತೆಗೆದುಕೊಳ್ಳಿ. ಅಡ್ವೈಸ್ ಕೂಡ ಸಲಹೆ, ಸಜೆಸ್ಟ್ ಕೂಡ ಸಲಹೆ. ಆದರೆ ಬಿಎಂಟಿಸಿ ಬಸ್ಸಿನಲ್ಲಿ ಮುಂದಿನ ಸೀಟುಗಳ ಮೇಲೆ ‘ಮಹಿಳೆಯರಿಗೆ’ ಅಂತ ಬರೆದಿರುತ್ತದಲ್ಲ, ಹಾಗೆ ಈ ಕ್ರಿಯಾಪದಗಳ ಪಕ್ಕದ ಸೀಟೂ ರಿಸರ್ವ್ ಆಗಿರುತ್ತದೆ. ಅಡ್ವೈಸ್ ಪಕ್ಕದ ಸೀಟು ಮನುಷ್ಯರಿಗೆ, ಸಲಹೆ ಪಡೆದವರಿಗೆ. ಸಜೆಸ್ಟ್ ಪಕ್ಕದ ಸೀಟು ವಿಷಯಕ್ಕೆ. ಏನನ್ನು ಸೂಚಿಸಿದರೋ ಅದಕ್ಕೆ.

ಸುಮ್ನೆ ಹೇಳುತ್ತಿಲ್ಲ. ‘ಶಿ ಸಜೆಸ್ಟೆಡ್ ರವಿ’ ಅಂದರೆ ಏನರ್ಥ? ರವಿಗೆ ಸಲಹೆ ಕೊಟ್ಟಳು ಅಂತ ಅಲ್ಲ. ಆ ಕೆಲಸಕ್ಕೆ ರವಿಯ ಹೆಸರು ಸೂಚಿಸಿದಳು ಅಂತ. ಆ ಸೀಟಿನಲ್ಲಿ ಕೂತ ಕೂಡಲೇ ರವಿ ಸಲಹೆ ಕೇಳಿಸಿಕೊಂಡವನಲ್ಲ, ಅವನೇ ಸಲಹೆ ಆಗಿಬಿಟ್ಟ. ಈಗ ‘ದ ಮ್ಯಾನೇಜರ್ ಸಜೆಸ್ಟೆಡ್ ಅಸ್’ ಅನ್ನುವುದನ್ನು ಅದೇ ಕಿವಿಯಿಂದ ಕೇಳಿ. ಮ್ಯಾನೇಜರ್ ನಮ್ಮ ಹೆಸರು ಸೂಚಿಸಿದರು ಅಂತ ಕೇಳಿಸುತ್ತದೆ. ಅಷ್ಟರಲ್ಲಿ ಹಿಂದಿನಿಂದ ‘ಟು ಕಾಲ್’ ಬರುತ್ತದೆ, ಓದುವವರು ಮುಗ್ಗರಿಸುತ್ತಾರೆ.

ಎಕ್ಸ್‌ಪ್ಲೇನ್‌ನ ಕಥೆಯೂ ಇದೇ. ‘ಎಕ್ಸ್‌ಪ್ಲೇನ್ ಯುವರ್‌ಸೆಲ್ಫ್’ ಅಂತ ಬೈಯುವುದನ್ನು ಕೇಳಿರುತ್ತೀರಿ. ನಿನಗೆ ನೀನೇ ಪಾಠ ಹೇಳಿಕೋ ಅಂತ ಅಲ್ವಲ್ಲ ಅದು. ನೀನು ಮಾಡಿದ್ದಕ್ಕೆ ಸಮಜಾಯಿಷಿ ಕೊಡು ಅಂತ. ಅಲ್ಲಿಯೂ ಪಕ್ಕದಲ್ಲಿ ಕೂತವರೇ ವಿಷಯ. ಅದಕ್ಕೇ ‘ಎಕ್ಸ್‌ಪ್ಲೇನ್ಡ್ ಮಿ ದ ಪ್ರಾಸೆಸ್’ ಆಗುವುದಿಲ್ಲ. ‘ಎಕ್ಸ್‌ಪ್ಲೇನ್ಡ್ ದ ಪ್ರಾಸೆಸ್ ಟು ಮಿ’ ಆಗಬೇಕು. ಮನುಷ್ಯನಿಗೆ ಜಾಗ ಇದೆ, ಆದರೆ ಹಿಂದಿನ ಸೀಟು, ಮತ್ತು ‘ಟು’ ಅನ್ನುವ ಟಿಕೆಟ್ ಬೇಕು. ಮೆನ್ಷನ್, ಡಿಸ್ಕ್ರೈಬ್, ಅನೌನ್ಸ್, ಪ್ರಪೋಸ್, ಸೇ ಎಲ್ಲಾ ಈ ಗುಂಪಿನವು. ಟೆಲ್, ಅಡ್ವೈಸ್, ಇನ್‌ಫಾರ್ಮ್, ರಿಮೈಂಡ್, ವಾರ್ನ್, ರಿಕ್ವೆಸ್ಟ್, ಪರ್ಸ್ವೇಡ್ ಇನ್ನೊಂದು ಗುಂಪಿನವು. ಇವುಗಳಿಗೆ ಮನುಷ್ಯ ಪಕ್ಕದಲ್ಲೇ ಕೂರಬೇಕು, ಟಿಕೆಟ್ ಬೇಡ. ನಮ್ಮ ‘ಗೆ’ಯನ್ನು ಎಳೆದು ತಂದು ‘ರಿಕ್ವೆಸ್ಟೆಡ್ ಟು ಹಿಮ್’, ‘ಇನ್‌ಫಾರ್ಮ್ಡ್ ಟು ದ ಕ್ಲೈಂಟ್’ ಅಂತ ಬರೆದರೆ ಅದು ಉಲ್ಟಾ ತಪ್ಪು.

ಲ್ಯಾಟಿನ್ ಮೂಲದ ಕ್ರಿಯಾಪದಗಳು ಮನುಷ್ಯನನ್ನು ದೂರ ಇಡುತ್ತವೆ, ಇಂಗ್ಲಿಷಿನ ಸ್ವಂತದವು ಹತ್ತಿರ ಕೂರಿಸಿಕೊಳ್ಳುತ್ತವೆ ಅಂತ ಕೆಲವರು ಹೇಳಿಕೊಡುತ್ತಾರೆ. ಸ್ವಲ್ಪ ದೂರ ಅದು ನಿಜ. ಟೆಲ್ ಸ್ವಂತದ್ದು, ಎಕ್ಸ್‌ಪ್ಲೇನ್ ಮತ್ತು ಸಜೆಸ್ಟ್ ಲ್ಯಾಟಿನ್ ಕಡೆಯವು. ಆದರೆ ಇನ್‌ಫಾರ್ಮ್ ಮತ್ತು ಪ್ರಾಮಿಸ್ ಕೂಡ ಲ್ಯಾಟಿನ್ ಕಡೆಯವೇ, ಮನುಷ್ಯನನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತವೆ. ಪೂರ್ತಿ ನಂಬಿದರೆ ಕೈ ಕೊಡುತ್ತದೆ. ಇನ್ನು ರೆಕಮೆಂಡ್ ಎರಡೂ ಕಡೆ ಕಾಲಿಟ್ಟ ಆಸಾಮಿ. ‘ರೆಕಮೆಂಡ್ ಯು ಟು ಬುಕ್’ ಅನ್ನುವುದನ್ನು ಬ್ರಿಟಿಷ್ ನಿಘಂಟುಗಳು ಒಪ್ಪುತ್ತವೆ, ಅದನ್ನು ಓದಿ ಹುಬ್ಬು ಗಂಟಿಕ್ಕುವವರೂ ಇದ್ದಾರೆ. ನೀವು ‘ರೆಕಮೆಂಡೆಡ್ ಬುಕಿಂಗ್’ ಅಂತ ಬರೆಯಿರಿ, ಯಾರೂ ಏನೂ ಹೇಳುವುದಿಲ್ಲ.

ಈಗ ನಿಮ್ಮ ‘ಡಿನೈಡ್ ಟು ಪೇ’. ನಾಲ್ಕರಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಇದೊಂದೇ.

ಕನ್ನಡದಲ್ಲಿ ‘ನಿರಾಕರಿಸು’ ಅನ್ನುವ ಪದ ಎರಡು ಕೆಲಸ ಮಾಡುತ್ತದೆ. ಮಂತ್ರಿಗಳು ಆರೋಪ ನಿರಾಕರಿಸಿದರು. ಮಂತ್ರಿಗಳು ಪ್ರತಿಕ್ರಿಯೆ ನೀಡಲು ನಿರಾಕರಿಸಿದರು. ಒಂದೇ ದಿನದ ಪೇಪರಿನಲ್ಲಿ ಎರಡನ್ನೂ ಓದುತ್ತೇವೆ, ಗೊಂದಲವೇ ಆಗುವುದಿಲ್ಲ. ಇಂಗ್ಲಿಷಿನಲ್ಲಿ ಮೊದಲನೆಯದು ಡಿನೈ, ಎರಡನೆಯದು ರಿಫ್ಯೂಸ್. ಡಿನೈ ಅಂದರೆ ‘ನಾನು ಹಾಗೆ ಮಾಡಿಲ್ಲ’. ರಿಫ್ಯೂಸ್ ಅಂದರೆ ‘ನಾನು ಮಾಡುವುದಿಲ್ಲ’. ಒಂದು ಹಿಂದಕ್ಕೆ ನೋಡುತ್ತದೆ, ಇನ್ನೊಂದು ಮುಂದಕ್ಕೆ.

ಕೆಲವು ವರ್ಷದ ಹಿಂದೆ ನನ್ನ ಕ್ಲಾಸಿಗೆ ಬರುತ್ತಿದ್ದ ಒಬ್ಬ ಹುಡುಗ ನಿಮ್ಮಂಥದ್ದೇ ಕೆಲಸದಲ್ಲಿದ್ದ. ಗಿರಾಕಿಯೊಬ್ಬರು ದುಡ್ಡು ಕಟ್ಟಲ್ಲ ಅಂದಿದ್ದರು. ಇವನು ಟಿಕೆಟ್‌ನಲ್ಲಿ, ಅಂದರೆ ಗಿರಾಕಿಯ ದೂರು ದಾಖಲಿಸುವ ಟಿಪ್ಪಣಿಯಲ್ಲಿ, ‘ಕಸ್ಟಮರ್ ಡಿನೈಡ್ ಟು ಮೇಕ್ ದ ಪೇಮೆಂಟ್’ ಅಂತ ಬರೆದ. ರಾತ್ರಿ ಪಾಳಿಯಲ್ಲಿ ಬೇರೆ ದೇಶದಲ್ಲಿ ಕೂತಿದ್ದವರು ಅದನ್ನು ಓದಿ, ‘ಪೇಮೆಂಟ್ ಮಾಡಿದ್ದು ನಾನಲ್ಲ ಅಂತ ಗಿರಾಕಿ ಹೇಳುತ್ತಿದ್ದಾರೆ, ಅಂದರೆ ಕಾರ್ಡ್ ಯಾರೋ ಕದ್ದು ಬಳಸಿದ್ದಾರೆ’ ಅಂತ ತಿಳಿದರು. ಟಿಕೆಟ್ ಮೋಸದ ದೂರುಗಳ ತಂಡಕ್ಕೆ ಹೋಯಿತು. ಕಾರ್ಡ್ ಬ್ಲಾಕ್ ಆಯಿತು. ಬೆಳಿಗ್ಗೆ ಗಿರಾಕಿ ಫೋನ್ ಮಾಡಿ ಕೂಗಾಡಿದಾಗ ಇವನಿಗೆ ತಲೆಬುಡ ಅರ್ಥವಾಗಲಿಲ್ಲ. ಸಂಜೆ ಕ್ಲಾಸಿನಲ್ಲಿ ಆ ಸಾಲನ್ನು ಫೋನಿನಲ್ಲಿ ತೋರಿಸಿ, ‘ಮೇಡಂ, ನಾನು ಬರೆದಿರೋದು ಕರೆಕ್ಟಾಗೇ ಇದೆಯಲ್ವಾ?’ ಅಂತ ಕೇಳಿದ. ಸ್ಪೆಲ್ಲಿಂಗ್ ಮಟ್ಟಿಗೆ ಕರೆಕ್ಟೇ ಇತ್ತು ಪಾಪ.

ಗ್ರಾಮರ್ ತಪ್ಪು ಅಂದಾಗ ನಾವು ಮರ್ಯಾದೆ ಹೋಗುವ ಬಗ್ಗೆ ಯೋಚನೆ ಮಾಡುತ್ತೇವೆ. ಅಸಲಿ ತೊಂದರೆ ಇರುವುದು ಇಂಥ ಕಡೆ. ನಿಮ್ಮ ‘ಡಿಸ್ಕಸ್ಡ್ ಅಬೌಟ್’ ನೋಡಿ. ‘ಅದರ ಬಗ್ಗೆ ಚರ್ಚೆ ಮಾಡಿದೆವು’ ಅನ್ನುವುದರಲ್ಲಿನ ‘ಬಗ್ಗೆ’ ಅಲ್ಲಿಗೆ ಹಾರಿದೆ. ಟಾಕ್ ಅಬೌಟ್ ಇದೆ, ಡಿಸ್ಕಷನ್ ಅಬೌಟ್ ಇದೆ, ಅವೂ ಕೈ ಹಿಡಿದು ಎಳೆಯುತ್ತವೆ. ಬರೆಯುವಾಗ ‘ಅಬೌಟ್’ ತೆಗೆಯಿರಿ. ‘ಡಿಸ್ಕಸ್ಡ್ ದ ಇಶ್ಯೂ’ ಸಾಕು. ‘ಮೆನ್ಷನ್ಡ್ ಅಬೌಟ್’ಗೂ ಇದೇ ಮದ್ದು. ‘ರಿಕ್ವೆಸ್ಟೆಡ್ ಫಾರ್ ಲೀವ್’ನಲ್ಲೂ ‘ಫಾರ್’ ಬೇಡ. ‘ಎ ರಿಕ್ವೆಸ್ಟ್ ಫಾರ್ ಲೀವ್’ ಅಂತ ನಾಮಪದವಾದಾಗ ಮಾತ್ರ ಬೇಕು. ಆದರೆ ಇವುಗಳಿಂದ ಯಾರ ಕಾರ್ಡೂ ಬ್ಲಾಕ್ ಆಗುವುದಿಲ್ಲ. ಡಿಸ್ಕಸ್ ಅಬೌಟ್ ಇಡೀ ಭಾರತದಲ್ಲಿ ಕೇಳಿಸುತ್ತದೆ, ಹೊರಗೂ ಕೇಳಿಸುತ್ತದೆ. ಮಾತಿನಲ್ಲಿ ಬಂದರೆ ನಾನು ತಿದ್ದುವುದಕ್ಕೂ ಹೋಗುವುದಿಲ್ಲ. ‘ಇದು ಇಂಡಿಯನ್ ಇಂಗ್ಲಿಷ್, ತಪ್ಪೇ ಅಲ್ಲ’ ಅನ್ನುವವರದ್ದೂ, ‘ಛೀ, ತಪ್ಪು’ ಅನ್ನುವವರದ್ದೂ ಎರಡೂ ಅತಿ. ಅರ್ಥ ಕೆಡಿಸುವ ತಪ್ಪು ಯಾವುದು, ಬರೀ ಕಿವಿಗೆ ಚುಚ್ಚುವ ತಪ್ಪು ಯಾವುದು ಅಂತ ಬೇರೆ ಮಾಡಿಕೊಳ್ಳಿ. ಮೊದಲನೆಯದನ್ನು ಈ ತಿಂಗಳೇ ಸರಿ ಮಾಡಿ. ಎರಡನೆಯದು ನಿಧಾನಕ್ಕೆ ಹೋಗುತ್ತದೆ.

‘ಒಪ್ಪು’ ಕೂಡ ‘ನಿರಾಕರಿಸು’ ಥರದ್ದೇ. ಬರಲು ಒಪ್ಪಿದರು ಅಂದರೆ ‘ಅಗ್ರೀಡ್ ಟು ಕಮ್’. ತಪ್ಪು ಮಾಡಿದ್ದನ್ನು ಒಪ್ಪಿಕೊಂಡರು ಅಂದರೆ ‘ಅಡ್ಮಿಟೆಡ್ ಮೇಕಿಂಗ್ ಎ ಮಿಸ್ಟೇಕ್’. ಆಹ್ವಾನ ಒಪ್ಪಿಕೊಂಡರು ಅಂದರೆ ‘ಆಕ್ಸೆಪ್ಟೆಡ್ ದ ಇನ್ವಿಟೇಷನ್’. ನಮ್ಮವರು ಮೂರಕ್ಕೂ ಆಕ್ಸೆಪ್ಟ್ ಹಾಕುತ್ತಾರೆ. ‘ದ ವೆಂಡರ್ ಆಕ್ಸೆಪ್ಟೆಡ್ ಟು ರಿಪ್ಲೇಸ್ ದ ಪಾರ್ಟ್’ ಅಂತ. ಆಕ್ಸೆಪ್ಟ್ ನಂತರ ಹೀಗೆ ‘ಟು ರಿಪ್ಲೇಸ್’ ಬರುವುದಿಲ್ಲ. ಅಲ್ಲಿ ‘ಅಗ್ರೀಡ್’ ಹಾಕಿ.

‘ಟು’ ಯಾವಾಗ, ‘-ಇಂಗ್’ ಯಾವಾಗ ಅನ್ನುವುದಕ್ಕೆ ಒಂದು ಸುಳಿವು ಇದೆ. ನಿಯಮ ಅನ್ನಲಾರೆ, ಸುಳಿವು. ಈ ‘ಟು’ ಮೂಲದಲ್ಲಿ ‘ಕಡೆಗೆ’ ಅನ್ನುವ ಪದ. ಮುಂದೆ ಆಗಬೇಕಾದ ಕೆಲಸದ ಕಡೆಗೆ ಮುಖ ಮಾಡಿದ ಕ್ರಿಯಾಪದಗಳು ಇದನ್ನು ಇಷ್ಟಪಡುತ್ತವೆ: ಪ್ರಾಮಿಸ್, ಆಫರ್, ಅಗ್ರಿ, ರಿಫ್ಯೂಸ್, ಥ್ರೆಟನ್. ಆಗಿಹೋದ ಕೆಲಸದ ಕಡೆಗೆ ತಿರುಗಿ ನೋಡುವವು ‘-ಇಂಗ್’ ಇಷ್ಟಪಡುತ್ತವೆ: ಅಡ್ಮಿಟ್, ಡಿನೈ, ಮೆನ್ಷನ್. ಸಜೆಸ್ಟ್ ಮಾತ್ರ ಮುಂದಿನ ಕೆಲಸದ ಮಾತಾಡುತ್ತಾ ‘-ಇಂಗ್’ ಹಿಡಿದುಕೊಂಡಿದೆ ಅಂತ ನೀವು ಕೇಳಬಹುದು. ಹೌದು, ಅದರ ಸೀಟು ವಿಷಯಕ್ಕೆ ಅಂದೆನಲ್ಲ, ‘ಕಾಲಿಂಗ್’ ಅಂದರೆ ‘ಫೋನ್ ಮಾಡುವುದು’ ಅನ್ನುವ ವಿಷಯ, ಹೆಸರಿನ ಥರ. ‘ಸಜೆಸ್ಟೆಡ್ ಎ ಕಾಲ್’ ಅಂದಂತೆ. ಇನ್ನು ಕ್ರಿಯಾಪದದ ಬಾಲಕ್ಕೆ ಆಫ್, ಆನ್, ಫಾರ್, ಅಗೆನ್‌ಸ್ಟ್ ಅಂಟಿಕೊಂಡಿದ್ದರೆ ಯೋಚನೆಯೇ ಬೇಡ, ಮುಂದೆ ‘-ಇಂಗ್’. ‘ಅಪಾಲಜೈಸ್ಡ್ ಫಾರ್ ಕಾಲಿಂಗ್ ಲೇಟ್’, ‘ಅಕ್ಯೂಸ್ಡ್ ಅಸ್ ಆಫ್ ಹೈಡಿಂಗ್ ದ ಚಾರ್ಜಸ್’, ‘ಇನ್ಸಿಸ್ಟೆಡ್ ಆನ್ ಸ್ಪೀಕಿಂಗ್ ಟು ದ ಮ್ಯಾನೇಜರ್’.

‘ಟು ಬಂದರೆ ಮುಂದೆ ಮೂಲ ಕ್ರಿಯಾಪದವೇ’ ಅಂತ ಶಾಲೆಯಲ್ಲಿ ಕಲಿತದ್ದು ಕೆಲವು ಕಡೆ ಮೋಸ ಮಾಡುತ್ತದೆ. ‘ಅಬ್ಜೆಕ್ಟೆಡ್ ಟು ಪೇಯಿಂಗ್’, ‘ಅಡ್ಮಿಟೆಡ್ ಟು ಟೇಕಿಂಗ್’. ನೀವು ದಿನಾ ಮೇಲ್ ಕೊನೆಯಲ್ಲಿ ಬರೆಯುವ ‘ಲುಕಿಂಗ್ ಫಾರ್ವರ್ಡ್ ಟು ಹಿಯರಿಂಗ್’ ಕೂಡ. ಅಲ್ಲಿನ ‘ಟು’ ಆಫ್, ಆನ್‌ಗಳ ಜಾತಿಯದ್ದು.

ಹತ್ತಕ್ಕೆ ಹತ್ತು ತೆಗೆಯುತ್ತಿದ್ದೆ ಅಂದಿರಿ. ನಂಬುತ್ತೇನೆ. ಆ ಪ್ರಶ್ನೆಯಲ್ಲಿ ‘ಸೆಡ್ ಟು’ ಅನ್ನು ‘ಟೋಲ್ಡ್’ ಮಾಡು, ‘ನೌ’ ಅನ್ನು ‘ದೆನ್’ ಮಾಡು, ‘ಟುಮಾರೋ’ ಅನ್ನು ‘ದ ನೆಕ್ಸ್ಟ್ ಡೇ’ ಮಾಡು ಅಂತ ಇರುತ್ತಿತ್ತು. ಯಾವ ಕ್ರಿಯಾಪದ ಹಾಕಬೇಕು ಅನ್ನುವುದನ್ನು ನೀವು ಆರಿಸಬೇಕಾಗಿಯೇ ಇರಲಿಲ್ಲ. ಮೀಟಿಂಗಿನಲ್ಲಿ ಮ್ಯಾನೇಜರ್ ‘ಒಂದ್ಸಲ ಕಾಲ್ ಮಾಡಿ ನೋಡಬಹುದಲ್ವಾ’ ಅಂದದ್ದು ಆಜ್ಞೆಯೋ, ಸಲಹೆಯೋ, ಗೊಣಗಾಟವೋ ಅಂತ ತೀರ್ಮಾನ ಮಾಡಬೇಕಾದವರು ಈಗ ನೀವು. ಅದು ಪರೀಕ್ಷೆಯಲ್ಲಿ ಯಾವತ್ತೂ ಬಂದಿರಲಿಲ್ಲ. ಇನ್ನೊಂದು, ಅಲ್ಲಿ ಕಾಲವನ್ನು ಹಿಂದಕ್ಕೆ ತಳ್ಳಲೇಬೇಕು ಅಂತ ಕಡ್ಡಾಯ ಮಾಡಿದ್ದರು. ಸರ್ವರ್ ಈಗಲೂ ಕೆಟ್ಟೇ ಇದ್ದರೆ ‘ದ ವೆಂಡರ್ ಸೆಡ್ ದಟ್ ದ ಸರ್ವರ್ ಈಸ್ ಡೌನ್’ ಅಂತ ಬರೆದರೆ ಏನೂ ತಪ್ಪಿಲ್ಲ. ‘ವಾಸ್ ಡೌನ್’ ಅಂತ ಹಾಕಿದರೆ ‘ಹಾಗಾದ್ರೆ ಈಗ ಸರಿಹೋಯ್ತಾ?’ ಅಂತ ಯಾರಾದರೂ ಕೇಳಬಹುದು.

ನೀವು ಕೇಳದೇ ಇದ್ದರೂ ಒಂದು ವಿಷಯ ಹೇಳಲೇಬೇಕು, ಮಿನಿಟ್ಸ್ ಬರೆಯುವವರು ಎಡವುವುದು ಅಲ್ಲೇ ಜಾಸ್ತಿ. ಕನ್ನಡದ ‘ಅಂತ’ ಹೇಳಿದವರ ಮಾತನ್ನು ಇದ್ದ ಹಾಗೇ ಎತ್ತಿ ತರುತ್ತದೆ. ‘ನಾನು ನಾಳೆ ರಿಪೋರ್ಟ್ ಕಳಿಸ್ತೀನಿ ಅಂತ ರವಿ ಹೇಳಿದ’. ಇಲ್ಲಿ ‘ನಾನು’ ಯಾರು? ರವಿ. ನಮಗೆ ಸಂಶಯವೇ ಇಲ್ಲ. ಇದನ್ನೇ ‘ರವಿ ಸೆಡ್ ದಟ್ ಐ ವಿಲ್ ಸೆಂಡ್ ದ ರಿಪೋರ್ಟ್ ಟುಮಾರೋ’ ಅಂತ ಇಳಿಸಿದರೆ ರಿಪೋರ್ಟ್ ಕಳಿಸಬೇಕಾದವರು ನೀವು! ಮಿನಿಟ್ಸ್ ಬರೆದ ತಪ್ಪಿಗೆ ಬೇರೆಯವರ ಕೆಲಸ ತಮ್ಮ ಹೆಸರಿಗೆ ಬಂದು, ಆಮೇಲೆ ‘ನೀವೇ ಬರೆದಿದ್ದೀರಲ್ಲ’ ಅನ್ನಿಸಿಕೊಂಡವರು ನನ್ನ ಕ್ಲಾಸಿನಲ್ಲಿ ಒಬ್ಬರಲ್ಲ. ಪ್ರಶ್ನೆಗಳೂ ಹಾಗೆಯೇ ಇಡಿಯಾಗಿ ಬಂದುಬಿಡುತ್ತವೆ. ‘ದ ಕಸ್ಟಮರ್ ಆಸ್ಕ್ಡ್ ವೇರ್ ಈಸ್ ಮೈ ರೀಫಂಡ್’ ಅಂತ. ‘ಆಸ್ಕ್ಡ್ ವೇರ್ ಹರ್ ರೀಫಂಡ್ ವಾಸ್’ ಆಗಬೇಕು. ಪ್ರಶ್ನೆ ಮಾತಿನ ಒಳಗೆ ಸೇರಿದ ಮೇಲೆ ಅದರ ಪ್ರಶ್ನೆಯ ಗತ್ತು ಹೋಗಿ ಸಾಧಾರಣ ವಾಕ್ಯದ ಸಾಲಿಗೆ ನಿಲ್ಲುತ್ತದೆ.

ಹಾಗೇ ಇನ್ಸಿಸ್ಟ್. ‘ದ ಕ್ಲೈಂಟ್ ಇನ್ಸಿಸ್ಟೆಡ್ ದಟ್ ದ ಡೇಟಾ ವಾಸ್ ಡಿಲೀಟೆಡ್’ ಅಂದರೆ ಡೇಟಾ ಡಿಲೀಟ್ ಆಗಿದೆ ಅಂತ ಕ್ಲೈಂಟ್ ಪಟ್ಟು ಹಿಡಿದು ಹೇಳಿದರು. ‘ದಟ್ ದ ಡೇಟಾ ಬಿ ಡಿಲೀಟೆಡ್’ ಅಂದರೆ ಡಿಲೀಟ್ ಮಾಡಲೇಬೇಕು ಅಂತ ಪಟ್ಟು ಹಿಡಿದರು. ‘ವಾಸ್’ ಮತ್ತು ‘ಬಿ’ ಅಷ್ಟೇ ವ್ಯತ್ಯಾಸ. ಒಂದು ದೂರು, ಒಂದು ಬೇಡಿಕೆ. ಗಾಬರಿ ಆದರೆ ‘ಬಿ’ ಬದಲು ‘ಶುಡ್ ಬಿ’ ಹಾಕಿ, ಬ್ರಿಟಿಷರು ಹಾಗೇ ಬರೆಯುವುದು ಜಾಸ್ತಿ.

ಈಗ ನಿಮ್ಮ ಮುಂದಿರುವ ದಾರಿಗಳಿಗೆ ಬರುತ್ತೇನೆ.

ಎಐ ಟೂಲ್ ಬಳಸುವುದು ತಪ್ಪಲ್ಲ. ನಾನೂ ಬಳಸುತ್ತೇನೆ. ಆದರೆ ಅದು ಮೀಟಿಂಗಿನಲ್ಲಿ ಇರಲಿಲ್ಲ. ‘ಡಿನೈಡ್ ಟು ಪೇ’ ಅಂತ ಕೊಟ್ಟರೆ ಅದು ‘ರಿಫ್ಯೂಸ್ಡ್ ಟು ಪೇ’ ಅಂತಲೂ ತಿದ್ದಬಹುದು, ‘ಡಿನೈಡ್ ಪೇಯಿಂಗ್’ ಅಂತಲೂ ತಿದ್ದಬಹುದು. ಎರಡೂ ವ್ಯಾಕರಣಕ್ಕೆ ಸರಿ. ಯಾವುದು ನಡೆದದ್ದು ಅಂತ ಗೊತ್ತಿರುವುದು ನಿಮಗೆ ಮಾತ್ರ. ವ್ಯತ್ಯಾಸ ಗೊತ್ತಿಲ್ಲದವರಿಗೆ ಎರಡೂ ಚೆನ್ನಾಗೇ ಕಾಣುತ್ತವೆ, ಅದೇ ಅಪಾಯ. ಇನ್ನೊಂದು, ಗಿರಾಕಿಯ ಹೆಸರು, ಕ್ಲೈಂಟಿನ ವಿಷಯ ಎಲ್ಲ ಇರುವ ಮಿನಿಟ್ಸನ್ನು ಹೊರಗಿನ ಟೂಲ್‌ಗೆ ಹಾಕಲು ನಿಮ್ಮ ಕಂಪನಿ ಒಪ್ಪುತ್ತದಾ ಅಂತ ಮೊದಲು ನೋಡಿಕೊಳ್ಳಿ. ಗ್ರಾಮರ್ ತಪ್ಪಿಗೆ ಕೆಂಪು ಗೆರೆ ಬೀಳುತ್ತದೆ, ಇದಕ್ಕೆ ನೋಟಿಸ್ ಬರುತ್ತದೆ.

‘ಸೇ’ ಮತ್ತು ‘ಟೆಲ್’ ಎರಡರಲ್ಲೇ ಎಲ್ಲ ಮುಗಿಸುವುದು ಇನ್ನೊಂದು ದಾರಿ. ‘ದ ಮ್ಯಾನೇಜರ್ ಸೆಡ್ ವಿ ಶುಡ್ ಕಾಲ್ ದ ಕಸ್ಟಮರ್’. ಸರಳ, ತಪ್ಪಾಗುವುದೇ ಕಷ್ಟ, ನಾಚಿಕೆ ಪಡುವಂಥದ್ದೂ ಅಲ್ಲ. ಕಳೆದುಕೊಳ್ಳುವುದೇನು ಅಂದರೆ ಮಾತಿನ ತೂಕ. ‘ಟೋಲ್ಡ್ ಅಸ್ ಟು ಕಾಲ್’ ಅಂದರೆ ಅದು ಅಪ್ಪಣೆ. ಅವರು ಬರೀ ಸಲಹೆ ಕೊಟ್ಟಿದ್ದರೆ ನಾಳೆ ‘ನಾನು ಹಾಗೆ ಹೇಳೇ ಇಲ್ಲ’ ಅಂದಾರು. ‘ಸೇ’ ಪಕ್ಕ ಮನುಷ್ಯ ಬೇಡ, ‘ಟೆಲ್’ ಪಕ್ಕ ಮನುಷ್ಯ ಬೇಕು. ಸುಳ್ಳು, ನಿಜ, ಕಥೆ ಹೇಳುವಾಗ ಬಿಟ್ಟರೆ ಇದು ಸಾಧಾರಣವಾಗಿ ತಪ್ಪುವುದಿಲ್ಲ.

ಕ್ರಿಯಾಪದವನ್ನು ನಾಮಪದ ಮಾಡಿ ಜಾರಿಕೊಳ್ಳುವ ಉಪಾಯವೂ ಇದೆ. ‘ದ ಮ್ಯಾನೇಜರ್ಸ್ ಸಜೆಷನ್ ವಾಸ್ ಟು ಕಾಲ್ ದ ಕಸ್ಟಮರ್’. ನೋಡಿ, ಇಲ್ಲಿ ನಿಮ್ಮ ‘ಟು ಕಾಲ್’ ಸರಿಯಾಗೇ ಕೂತಿತು! ಅವಸರದಲ್ಲಿ ಇದು ಕೈ ಹಿಡಿಯುತ್ತದೆ. ಪುಟದ ತುಂಬಾ ಹೀಗೇ ಬರೆದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಿರುತ್ತದೆ.

ಲಿಸ್ಟ್ ಬಾಯಿಪಾಠ ಮಾಡುವುದಕ್ಕೆ ನನ್ನ ವಿರೋಧ ಇದೆ. ಅರವತ್ತು ಕ್ರಿಯಾಪದಗಳ ಪಟ್ಟಿ ಫೋಟೋಕಾಪಿ ಮಾಡಿಸಿ ಹಂಚುತ್ತಿದ್ದ ಕಾಲ ನನಗೂ ಇತ್ತು. ಹುಡುಗರು ಪಟ್ಟಿಯನ್ನು ಒಪ್ಪಿಸುತ್ತಿದ್ದರು, ಮೇಲ್ ಬರೆಯುವಾಗ ಮತ್ತೆ ‘ಸಜೆಸ್ಟೆಡ್ ಮಿ’. ಪಟ್ಟಿ ಬಾಯಲ್ಲಿತ್ತು, ವಾಕ್ಯ ಕೈಯಲ್ಲಿರಲಿಲ್ಲ. ಅದರ ಬದಲು ನಿಮ್ಮ ಹಳೆಯ ಮೂರು ತಿಂಗಳ ಮಿನಿಟ್ಸ್ ತೆರೆದು ಯಾವ ಕ್ರಿಯಾಪದಗಳು ಬಂದಿವೆ ಅಂತ ಎಣಿಸಿ. ಹತ್ತು-ಹನ್ನೆರಡಕ್ಕಿಂತ ಜಾಸ್ತಿ ಸಿಗುವುದು ಅನುಮಾನ. ಒಂದೊಂದಕ್ಕೂ ನಿಮ್ಮ ಆಫೀಸಿನದ್ದೇ ಒಂದು ನಿಜವಾದ ವಾಕ್ಯ, ಸರಿಯಾದ ರೂಪದಲ್ಲಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಂಶಯ ಬಂದರೆ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್ ನಿಘಂಟು ನೋಡಿ. ಇಂಗ್ಲಿಷ್-ಕನ್ನಡ ನಿಘಂಟು ಈ ಕೆಲಸಕ್ಕೆ ಬೇಡ, ಅದರಲ್ಲಿ ಸಜೆಸ್ಟ್‌ಗೂ ಅಡ್ವೈಸ್‌ಗೂ ‘ಸಲಹೆ ಕೊಡು’ ಅಂತಲೇ ಸಿಗಬಹುದು. ಕಲಿಯುವವರ ನಿಘಂಟಿನಲ್ಲಿ ಪ್ರತಿ ಕ್ರಿಯಾಪದದ ಕೆಳಗೆ ಅದರ ನಂತರ ಏನು ಬರುತ್ತದೆ ಅಂತ ಬಿಡಿಸಿ ಕೊಟ್ಟಿರುತ್ತಾರೆ. ಹೀಗೆ ಕೊಡುವುದನ್ನು ರೂಢಿಗೆ ತಂದವರಲ್ಲಿ ಮುಖ್ಯರು ಎ. ಎಸ್. ಹಾರ್ನ್‌ಬಿ. ಅವರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟ್ರು. ಅವರ ನಿಘಂಟು 1942ರಲ್ಲಿ ಮೊದಲು ಅಚ್ಚಾದದ್ದೂ ಜಪಾನಿನಲ್ಲೇ. ಇಂಗ್ಲಿಷರ ಮಕ್ಕಳಿಗೆ ಬೇಕಿಲ್ಲದ ಮಾಹಿತಿ ಇದು, ನಮ್ಮಂಥವರಿಗೆ ಬೇಕು ಅಂತ ಕಂಡದ್ದು ಪರದೇಶದಲ್ಲಿ ಪಾಠ ಹೇಳಿದವರಿಗೆ.

‘ಇಂಗ್ಲಿಷಿನಲ್ಲೇ ಯೋಚನೆ ಮಾಡು’ ಅನ್ನುವ ಮಾತನ್ನು ಮಾತ್ರ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟುಬಿಡಿ. ಕನ್ನಡದಲ್ಲೇ ಯೋಚನೆ ಮಾಡಿ, ಒಂದು ಪ್ರಶ್ನೆ ಜಾಸ್ತಿ ಕೇಳಿಕೊಳ್ಳಿ. ‘ನಿರಾಕರಿಸಿದರು’ ಅಂತ ತಲೆಗೆ ಬಂದರೆ, ಮಾಡಿಲ್ಲ ಅಂದರಾ, ಮಾಡಲ್ಲ ಅಂದರಾ? ‘ಒಪ್ಪಿದರು’ ಅಂತ ಬಂದರೆ, ಮುಂದಿನದಕ್ಕಾ, ಹಿಂದಿನದಕ್ಕಾ? ‘ಸಲಹೆ ಕೊಟ್ಟರು’ ಅಂತ ಬಂದರೆ, ಪಕ್ಕದಲ್ಲಿ ಯಾರನ್ನು ಕೂರಿಸಲಿ, ನಮ್ಮನ್ನಾ, ವಿಷಯವನ್ನಾ? ಈ ಪ್ರಶ್ನೆಗಳು ಇಂಗ್ಲಿಷಿನವರಿಗೆ ಹೊಳೆಯುವುದೇ ಇಲ್ಲ. ಕನ್ನಡ ಗೊತ್ತಿರುವುದರಿಂದಲೇ ನಿಮಗೆ ಕೇಳಿಕೊಳ್ಳಲು ಆಗುವುದು.

ನಿಮ್ಮ ನಾಲ್ಕು ಸಾಲನ್ನು ನಾನು ಹೀಗೆ ಬರೆಯುತ್ತಿದ್ದೆ: ‘ದ ಮ್ಯಾನೇಜರ್ ಸಜೆಸ್ಟೆಡ್ ಕಾಲಿಂಗ್ ದ ಕಸ್ಟಮರ್’. ‘ಶಿ ಎಕ್ಸ್‌ಪ್ಲೇನ್ಡ್ ದ ಪ್ರಾಸೆಸ್ ಟು ಮಿ’. ‘ವಿ ಡಿಸ್ಕಸ್ಡ್ ದ ಡಿಲೇ’. ನಾಲ್ಕನೆಯದನ್ನು ನಾನು ಬರೆಯಲಾರೆ. ಆ ಗಿರಾಕಿ ದುಡ್ಡು ಕಟ್ಟಿಲ್ಲ ಅಂದರೋ, ಕಟ್ಟುವುದಿಲ್ಲ ಅಂದರೋ ನನಗೆ ಗೊತ್ತಿಲ್ಲ. ಆ ಸಾಲು ಗೆರೆ ಬೀಳುವ ಮುಂಚೆಯೇ ಯಾರಿಗಾದರೂ ಹೋಗಿದೆಯಾ ನೋಡಿ. ಹೋಗಿದ್ದರೆ ಇವತ್ತೇ ಒಂದು ಸಾಲಿನ ತಿದ್ದುಪಡಿ ಕಳಿಸಿಬಿಡಿ.